ಸುಂಕವಿಲ್ಲದ ತೊಗರಿ

ಕಳೆದ ತಿಂಗಳು ನಾನು ಪಾಠ ಮಾಡುವ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ದೆಹಲಿಯಿಂದ ಬಂದಿದ್ದ ತಜ್ಞರೊಬ್ಬರು ಬಡ ದೇಶಗಳಿಗೆ ನಾವು ಕೊಡುವ ಸುಂಕ ರಿಯಾಯಿತಿಯ ಬಗ್ಗೆ ಮಾತಾಡಿದರು. ಪರದೆಯ ಮೇಲೆ ಬಾಣಗಳು ಆಫ್ರಿಕಾದಿಂದ ಹೊರಟು ಸಮುದ್ರ ದಾಟಿ ಮುಂಬೈಗೆ ಬಂದು ನಿಂತವು. ಅಲ್ಲಿಂದ ಮುಂದೆ ಬಾಣ ಇರಲಿಲ್ಲ. ಬಂದರಿನ ಗೇಟಿನ ಆಚೆ ದೇಶ ಮುಗಿದುಹೋಗುತ್ತದೆ ಎಂದು ತಿಳಿದವರು ಬರೆದ ನಕಾಶೆ. ತೊಗರಿ ಬೆಳೆಯುವ ಊರಿಗೆ ಬಂದು, ತೊಗರಿ ಬೆಳೆಯುವವರ ಮಕ್ಕಳ ಮುಂದೆ ನಿಂತು, ‘ರಿಯಾಯಿತಿ ಎಂದರೆ ಬಡ ರಾಷ್ಟ್ರಗಳತ್ತ ನಾವು ಚಾಚಿದ ಕೈ’ ಎಂದರು. ಚಪ್ಪಾಳೆ ಬಿತ್ತು. ನಮ್ಮ ಕಾಲೇಜಿನಲ್ಲಿ ಪರದೆ ಆರಿದರೆ ಸಾಕು, ಚಪ್ಪಾಳೆ ಬೀಳುತ್ತದೆ.

ಇಷ್ಟು ದೊಡ್ಡ ಮಾತಾಡುವವರಿಗೆ ಊಟ ಮಾತ್ರ ನಮ್ಮೂರಿನದೇ ಬೇಕು. ಕಲಬುರಗಿಯ ಜಗತ್ ವೃತ್ತದ ಹತ್ತಿರದ ಖಾನಾವಳಿಯಿಂದ ಖಡಕ್ ರೊಟ್ಟಿ, ಪುಂಡಿಪಲ್ಯ, ಹಸಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಖಾರ ಬಂದಿತ್ತು. ಖಾರದ ಡಬ್ಬಿಯ ಮುಚ್ಚಳ ತೆಗೆದರು. ನಾನು ತಟ್ಟೆ ಕೆಳಗಿಟ್ಟು ಹೊರಗೆ ಬಂದುಬಿಟ್ಟೆ. ಹಾಗೆ ಬರುವಾಗ ಸಭಾಂಗಣಕ್ಕೆ ಇನ್ನೊಂದು ಬಾಗಿಲು ಇದೆಯೇ ಎಂದು ನೋಡಿದೆ. ಕೋಣೆ ಹೊಕ್ಕಾಗಲೆಲ್ಲ ಎರಡನೆಯ ಬಾಗಿಲು ಹುಡುಕುವುದು ಈಗ ನನ್ನ ಅಭ್ಯಾಸ. ವರಾಂಡದ ಕಂಬ ಹಿಡಿದು ನಿಂತೆ. ಪ್ರಾಂಶುಪಾಲರು ಬಂದು, ‘ಯಾಕ್ರಿ ಮೇಡಂ, ಬಿಪಿ ಏನು?’ ಎಂದು ಕೇಳಿದರು. ಹೌದು ಎಂದೆ. ಅದನ್ನು ವಿವರಿಸುವ ಜಾಗ ಅದಾಗಿರಲಿಲ್ಲ.

ಎಂ.ಎ. ಅರ್ಥಶಾಸ್ತ್ರ ಮುಗಿಸಿ, ಅತಿಥಿ ಉಪನ್ಯಾಸಕಿಯ ಕೆಲಸವೂ ಸಿಗದ ಆ ವರ್ಷ ನಾನು ಊರ ಹೊರಗಿನ ಒಂದು ಬೇಳೆ ಮಿಲ್ಲಿನ ಕಚೇರಿಗೆ ಸೇರಿದ್ದೆ. ಮಾಲೀಕರು ಗುರುಪಾದಪ್ಪ ಸಾಹುಕಾರ. ಬಿಳಿ ಅಂಗಿ, ಬಿಳಿ ಪಾಯಿಜಾಮ, ಬಿಳಿ ಕಾರು. ಮಿಲ್ಲಿನಲ್ಲಿ ತೊಗರಿಯ ಹೊಟ್ಟು ಹಾರಿ ಎಲ್ಲರ ಹುಬ್ಬು, ರೆಪ್ಪೆ ಮಾಸಲಾಗುತ್ತಿತ್ತು. ಸಾಹುಕಾರರ ಬಿಳುಪು ಮಾತ್ರ ಕೆಡುತ್ತಿರಲಿಲ್ಲ, ಏಕೆಂದರೆ ಅವರು ಕಚೇರಿಯ ಗಾಜಿನ ಬಾಗಿಲು ದಾಟಿ ಒಳಗೆ ಹೋಗುತ್ತಿರಲಿಲ್ಲ. ಹೊರಗಿನ ದೇಶದಿಂದ ಬರುವ ತೊಗರಿಯ ಕಾಗದಪತ್ರ ನೋಡುವುದು ನನ್ನ ಕೆಲಸ.

ಆ ಚಳಿಗಾಲದಲ್ಲಿ ಕಲಬುರಗಿಯ ಮಾರುಕಟ್ಟೆಗೆ ಹೊಸ ತೊಗರಿ ಬರುತ್ತಿತ್ತು. ಬೆಳಿಗ್ಗೆ ಮಂಜು, ಟ್ರ್ಯಾಕ್ಟರುಗಳ ಸಾಲು, ಚಹದ ಗಾಡಿ, ರಾಶಿಯ ಮೇಲೆ ಕಂಬಳಿ ಹೊದ್ದು ಕುಳಿತ ರೈತರು. ಅದೇ ಹೊತ್ತಿಗೆ ನಮ್ಮ ಮಿಲ್ಲಿಗೆ ಮೊಜಾಂಬಿಕ್‌ನ ತೊಗರಿ ಬರುತ್ತಿತ್ತು. ತೊಗರಿಯ ತವರಿಗೆ ಹಡಗಿನಲ್ಲಿ ತೊಗರಿ! ಸಾಹುಕಾರರು ಎರಡನ್ನೂ ಒಂದೇ ಯಂತ್ರಕ್ಕೆ ಸುರಿದು, ಚೀಲದ ಮೇಲೆ ‘ಅಸಲಿ ಕಲಬುರಗಿ ಬೇಳೆ’ ಎಂದು ಛಾಪಿಸುತ್ತಿದ್ದರು. ಬೆಲೆ ಕೇಳಿದ ರೈತನಿಗೆ, ‘ಹೊರಗಿಂದ ಮಾಲ್ ಭಾಳ ಬಂದದಪ, ನಾ ಏನ್ ಮಾಡ್ಲಿ, ಸರ್ಕಾರ ಕೇಳು’ ಎನ್ನುತ್ತಿದ್ದರು. ತರಿಸಿದವರು ತಾವೇ ಎಂಬುದನ್ನು ಹೇಳುವಷ್ಟು ಪುರುಸೊತ್ತು ಅವರಿಗೆ ಇರುತ್ತಿರಲಿಲ್ಲ.

ಈ ವ್ಯಾಪಾರದ ಕೀಲಿ ಇದ್ದದ್ದು ಸುಂಕದಲ್ಲಿ. ಹೊರದೇಶದ ತೊಗರಿಗೆ ನಮ್ಮ ಸರ್ಕಾರದ ಸುಂಕ ನೂರಕ್ಕೆ ಹತ್ತು. ಆದರೆ ತೀರ ಬಡ ದೇಶಗಳೆಂಬ ಪಟ್ಟಿಯಲ್ಲಿ ಇರುವ ಮೊಜಾಂಬಿಕ್‌ನಂಥವರಿಗೆ ಅದು ಇಲ್ಲ. ಕಾಳು ಅಲ್ಲೇ ಬೆಳೆದದ್ದು ಎಂಬ ಪ್ರಮಾಣಪತ್ರ ತೋರಿಸಿದರೆ ಸುಂಕವಿಲ್ಲದೆ ಒಳಗೆ. ಈ ರಿಯಾಯಿತಿಗೆ ಬೆಲೆ ಇರುವುದು ಉಳಿದವರು ಸುಂಕ ಕಟ್ಟುತ್ತಿರುವವರೆಗೆ ಮಾತ್ರ. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಬಸ್ ಪಾಸಿನ ಉದಾಹರಣೆ ಕೊಟ್ಟು ಹೇಳುತ್ತೇನೆ. ಹೆಣ್ಣುಮಕ್ಕಳಿಗೆಲ್ಲ ಬಸ್ಸು ಉಚಿತವಾದ ದಿನ ಅವರ ಪಾಸು ಬರೀ ರಟ್ಟಾಯಿತಲ್ಲವೇ? ಹಾಗೆಯೇ, ಪೇಟೆಯಲ್ಲಿ ಬೇಳೆ ತುಟ್ಟಿಯಾಗಿ ಮತದಾರ ಗೊಣಗತೊಡಗಿದಾಗ ಸರ್ಕಾರ ಎಲ್ಲ ದೇಶಗಳಿಗೂ ಸುಂಕ ಮಾಫಿ ಮಾಡಿತು. ಬಡ ದೇಶದತ್ತ ಚಾಚಿದ ಕೈ ಅಲ್ಲಿಗೆ ಹಿಂದೆ ಬಂತು. ಆದರೆ ಮಾಫಿಗೊಂದು ಗಡುವು ಇಟ್ಟರು, ಮಾರ್ಚ್ ಕೊನೆಯವರೆಗೆ ಎಂದು. ಗಡುವು ಬಂದಾಗ ಇನ್ನೊಂದು ವರ್ಷ ಮುಂದಕ್ಕೆ ಹಾಕುವುದು. ಇಡೀ ದೇಶದ ವ್ಯಾಪಾರ ನೀತಿ ಎಂಬುದು, ಬಾಡಿಗೆದಾರನನ್ನು ಬಿಡಿಸಲೂ ಇರಿಸಿಕೊಳ್ಳಲೂ ಧೈರ್ಯವಿಲ್ಲದ ಮನೆ ಮಾಲೀಕನ ಹಾಗೆ. ಅದನ್ನು ನೀತಿ ಎಂದು ಕರೆಯಲು ಡಿಗ್ರಿ ಬೇಕು.

ಸಾಹುಕಾರರು ಆ ವರ್ಷ ಗಡುವು ಮುಂದೆ ಹೋಗುವುದಿಲ್ಲ ಎಂದು ನಂಬಿದ್ದರು. ಮಾಫಿ ಮುಗಿದರೆ ಉಳಿದ ದೇಶಗಳ ತೊಗರಿ ಒಮ್ಮೆಲೆ ತುಟ್ಟಿ. ಆಗ ತಮ್ಮಲ್ಲಿರುವ ಬಡ ದೇಶದ ತೊಗರಿಗೆ ಬಂಗಾರದ ಬೆಲೆ. ಹಾಗಾಗಿ ಸಿಕ್ಕಷ್ಟು ತರಿಸಿ ಕಮಲಾಪುರದ ಒಂದು ಹಳೆಯ ಗೋದಾಮಿನಲ್ಲಿ ಚಾವಣಿಯವರೆಗೆ ಒಟ್ಟಿಸಿದ್ದರು. ಕಮಲಾಪುರವೇ ಯಾಕೆ ಎಂದರೆ ಬಾಡಿಗೆ ಕಡಿಮೆ, ನೋಡುವ ಕಣ್ಣೂ ಕಡಿಮೆ. ಕೆಂಪು ಬಾಳೆಹಣ್ಣಿಗಾಗಿ ಹುಮನಾಬಾದ್ ರಸ್ತೆಯಲ್ಲಿ ಕಾರು ನಿಲ್ಲಿಸುವವರು ಹಿಂದಿನ ಗೋದಾಮಿನಲ್ಲಿ ಏನಿದೆ ಎಂದು ಇಣುಕುವುದಿಲ್ಲ. ಬೇಸಿಗೆಯಿಡೀ ಇಡಬೇಕಾದ ಮಾಲು ಹುಳ ಹಿಡಿಯದಿರಲಿ ಎಂದು ಮಾರ್ಚ್ ಕೊನೆಯ ವಾರ ಗುಳಿಗೆಯ ಹೊಗೆ ಹಾಕಿಸಿದರು. ಚೀಲಗಳ ನಡುವೆ ಇಟ್ಟ ಗುಳಿಗೆಗಳಿಂದ ವಿಷದ ಗಾಳಿ ಹೊರಡುತ್ತದೆ. ಬಾಗಿಲ ಸಂದಿಗೆ ಮಣ್ಣು ಮೆತ್ತಿ, ತಲೆಬುರುಡೆಯ ಚಿತ್ರದ ಕಾಗದ ಅಂಟಿಸಿ, ಹೊಗೆ ಹಾಕುವ ಗುತ್ತಿಗೆದಾರನ ಕಡೆಯವನು ವಾರ ಕಾಯಿರಿ, ತಾನೇ ಬಂದು ತೆಗೆಯುತ್ತೇನೆ ಎಂದು ಹೇಳಿ ಹೋಗಿದ್ದ.

ಮರುದಿನವೇ ಸುದ್ದಿ ಬಂತು.

‘ಮೇಡಂ, ಮಾಫಿ ಮತ್ತ ಮುಂದ ಹಾಕ್ಯಾರಂತ. ಖರೇ ಅದನು?’ ಎಂದು ಸಾಹುಕಾರರು ನನ್ನ ಮೇಜಿನ ಹತ್ತಿರ ಬಂದರು. ಅವರು ನನ್ನ ಮೇಜಿನವರೆಗೆ ಬಂದದ್ದು ಅದೇ ಮೊದಲು. ಆದೇಶ ತೆರೆದು ತೋರಿಸಿದೆ. ಎಲ್ಲ ದೇಶಗಳಿಗೂ, ಇನ್ನೊಂದು ವರ್ಷ.

‘ಇವರಿಗಿ ದಿಮಾಗ್ ಅದ ಏನ್ರಿ? ಬಡವರ ದೇಶ, ಬಡವರ ದೇಶ ಅಂತ ಹೇಳಿ, ಈಗ ಎಲ್ಲಾರಿಗೂ ಬಾಗಿಲ ತೆಗದ್ರ ಬಡವ ಏನ್ ಮಾಡಬೇಕು?’

ಬಡವರ ಪರವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಬಡವರು ಸಮುದ್ರದಾಚೆ ಇದ್ದರು.

ದರ ಬೀಳುವ ಮೊದಲು ಮಾಲು ಹೊರಗೆ ಹಾಕಬೇಕಿತ್ತು. ಹೈದರಾಬಾದಿನ ಗಿರಾಕಿಯೊಬ್ಬ ಹಳೆಯ ದರಕ್ಕೇ ಒಪ್ಪಿದ್ದ, ಅಂದೇ ಲಾರಿ ತುಂಬಿದರೆ ಮಾತ್ರ. ಕಾಗದ ಹಿಡಿದು ನಾನೂ ಕಾರಿನಲ್ಲಿ ಹೊರಟೆ. ದಾರಿಯಲ್ಲಿ, ಹೊಗೆ ಹಾಕಿ ಒಂದು ದಿನವೂ ಆಗಿಲ್ಲ ಎಂದೆ. ‘ಗೊತ್ತದ, ಸುಮ್ನ ಕೂಡ್ರಿ,’ ಎಂದರು. ಗೋದಾಮು ತೆರೆಯುವ ಸುದ್ದಿ ತಿಳಿದು ಗುತ್ತಿಗೆದಾರ ಫೋನು ಮಾಡಿದ. ‘ತೆಗೀಬ್ಯಾಡ್ರಿ ಸಾವ್ಕಾರ್ರ, ಕೈಮುಗೀತೀನಿ,’ ಎಂಬುದು ನನಗೂ ಕೇಳಿಸಿತು. ಸಾಹುಕಾರರು ಫೋನು ಆರಿಸಿ ಜೇಬಿಗೆ ಹಾಕಿದರು. ‘ಇವರದೆಲ್ಲ ರೊಕ್ಕದ ನಾಟಕ. ಹುಳಕ್ಕ ಹಾಕೋದು ಮನಷಾಗ ಏನ್ ಆಗ್ತದ?’

ಬಿಸಿಲಿಗೆ ಕಮಲಾಪುರದ ರಸ್ತೆ ನೀರು ನಿಂತಂತೆ ಹೊಳೆಯುತ್ತಿತ್ತು. ಗೋದಾಮಿನ ಮುಂದಿನ ಬೇವಿನ ಕೆಳಗೆ ಹಮಾಲರು ಕಾಯುತ್ತ ಕುಳಿತಿದ್ದರು. ಅವರ ಮೇಸ್ತ್ರಿ ಭೀಮಶಾ, ಆನೆಯಂಥ ಆಳು, ಮಾತು ಮಾತ್ರ ತುಂಟ ಹುಡುಗರದು. ಚೆಲ್ಲಿದ ಕಾಳು ಗುಡಿಸಲು ಬಂದಿದ್ದ ನಾಗಮ್ಮ ಅವನ ಅಕ್ಕ. ಭೀಮಶಾನ ಜೊತೆ ಕೆಲಸ ಮಾಡುವ ಯಲ್ಲಪ್ಪ ಕಾಲು ಚಾಚಿ ಮಲಗಿದ್ದ.

ತಲೆಬುರುಡೆಯ ಕಾಗದವನ್ನು ಸಾಹುಕಾರರೇ ಕಿತ್ತರು. ನಾನು ಜೋರಾಗಿಯೇ ಹೇಳಿದೆ, ಒಳಗೆ ವಿಷದ ಗಾಳಿ ಇದೆ, ಹೋಗಬೇಡಿ ಎಂದು. ಸಾಹುಕಾರರು ಹಮಾಲರ ಕಡೆ ತಿರುಗಿ ನಕ್ಕರು.

‘ಮೇಡಮರು ಎಂ.ಎ. ಮಾಡ್ಯಾರ. ಪುಸ್ತಕದಾಗ ಗಾಳಿ ಓದ್ಯಾರ. ಬಾಗಿಲ ತೆಗದು ಒಂದ್ ಚಹಾ ಕುಡಿಯೂತನ ಬಿಡ್ರಿ, ಎಲ್ಲಾ ಹೋಗ್ತದ. ಇವತ್ತು ಡಬಲ್ ಕೂಲಿ.’

‘ಡಬಲ್ ಅಂದ್ರ ಗಾಳಿ ಏನ್, ದೆವ್ವ ಇದ್ರೂ ಹೊತ್ತಗೊಂಡು ಬರ್ತೀವಿ ಬಿಡ್ರಿ,’ ಎಂದ ಭೀಮಶಾ. ಎಲ್ಲರೂ ನಕ್ಕರು. ನನ್ನ ಮಾತು ಅಲ್ಲಿಗೆ ಮುಗಿಯಿತು.

ಬಾಗಿಲು ತೆರೆದರು. ಚಹಾ ಕುಡಿದರು. ಭೀಮಶಾ, ಯಲ್ಲಪ್ಪ, ಇನ್ನೊಬ್ಬ ಒಳಗೆ ಹೋದರು. ಭೀಮಶಾ ಚೀಲಗಳ ಒಟ್ಟಿನ ತುದಿ ಹತ್ತಿ ಮೇಲಿಂದ ಚೀಲ ಜಾರಿಸುವುದು, ಕೆಳಗಿನ ಇಬ್ಬರು ಹೊತ್ತು ತರುವುದು. ಹತ್ತಿಪ್ಪತ್ತು ಚೀಲ ಹೊರಬಂದವು. ಅಷ್ಟರಲ್ಲಿ ಒಳಗಿನಿಂದ ಭೀಮಶಾನ ಕೂಗು ಕೇಳಿಸಿತು.

‘ಯಕ್ಕಾ, ಇಷ್ಟ ಜಲ್ದಿ ಬುತ್ತಿ ಬಿಚ್ಚಿದೇನು? ಬಳ್ಳೊಳ್ಳಿ ಖಾರ ಘಂ ಅನ್ನಾಕತ್ತದ!’

‘ಅವಗ ಹಸಿವ್ ಆಗ್ಯಾದ, ಮೂಗು ಹೊಟ್ಟ್ಯಾಗ ಹೋಗ್ಯಾದ,’ ಎಂದು ಹೊರಗಿದ್ದ ಯಾರೋ ನಕ್ಕರು. ಒಳಗಿನ ಇಬ್ಬರೂ ನಗುತ್ತಿದ್ದರು. ನಮ್ಮ ಕಡೆ ಹಮಾಲರ ಬುತ್ತಿಯೆಂದರೆ ರೊಟ್ಟಿ ಮತ್ತು ಬೆಳ್ಳುಳ್ಳಿ ಖಾರ. ಗೋದಾಮಿನಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಯಾರೂ ಬೆಚ್ಚುವುದಿಲ್ಲ, ಊಟದ ಹೊತ್ತಾಯಿತು ಎಂದುಕೊಳ್ಳುತ್ತಾರೆ. ಬೇರೆ ಊರಿನವರು ಮೂಗು ಮುಚ್ಚಿಕೊಂಡು ಓಡುತ್ತಿದ್ದ ವಾಸನೆಗೆ ನಮ್ಮವರ ಬಾಯಲ್ಲಿ ನೀರೂರಿತು.

ನಾಗಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಬುತ್ತಿಯ ಗಂಟು ಅವಳ ತೋಳಿನಲ್ಲಿ ನೇತಾಡುತ್ತಿತ್ತು. ಅವಳು ಅದನ್ನು ಮುಟ್ಟಿ ನೋಡಿ ನನಗೆ ಹೇಳಿದಳು:

‘ನಾ ಗಂಟ ಬಿಚ್ಚಿಲ್ಲಲ್ರಿ ಮೇಡಂ. ಮತ್ತ ಇವತ್ತು ಖಾರಾನೂ ಹಾಕಿಲ್ಲ. ಶೇಂಗಾ ಹಿಂಡಿ ತಂದೀನಿ.’

ಆ ಕ್ಷಣ ಈಗಲೂ ನನ್ನೊಳಗೆ ನಡೆಯುತ್ತಲೇ ಇದೆ. ಬಿಸಿಲು, ಕಪ್ಪು ಬಾಗಿಲು, ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಆ ಗುಳಿಗೆ ಬೆಳ್ಳುಳ್ಳಿಯಂತೆ ನಾರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು, ನಾನು ಓದಿದ್ದೆ. ‘ಹೊರಗ ಬರ್ರಿ! ಅದು ಖಾರ ಅಲ್ಲ, ಗುಳಿಗಿ!’ ಎಂದು ಕಿರುಚಿದೆ. ಗಂಟಲು ಕಿತ್ತುಬರುವ ಹಾಗೆ ಕಿರುಚಿದೆ. ಯಲ್ಲಪ್ಪನೂ ಇನ್ನೊಬ್ಬನೂ ತೂರಾಡುತ್ತ ಹೊರಬಂದು ಬೇವಿನ ಬುಡದಲ್ಲಿ ವಾಂತಿ ಮಾಡಿಕೊಂಡರು. ಮೇಲಿದ್ದ ಭೀಮಶಾ ಬರಲಿಲ್ಲ. ಒಳಗೆ ಏನೋ ಧಪ್ಪೆಂದು ಬಿತ್ತು. ಚೀಲ ಬಿದ್ದ ಸದ್ದಲ್ಲ ಅದು.

ನಾಗಮ್ಮ ಸೆರಗು ಮೂಗಿಗೆ ಒತ್ತಿ ಬಾಗಿಲಿಗೆ ಓಡಿದಳು. ನಾನು ಅವಳ ಸೊಂಟ ಹಿಡಿದುಕೊಂಡೆ. ಅವಳು ನನ್ನ ಕೈ ಕಚ್ಚಿದಳು. ‘ಬಿಡ್ರಿ, ನನ್ನ ತಮ್ಮ ಒಳಗದಾನ!’ ಬಿಡಲಿಲ್ಲ. ಬಾಯಿ ಒರೆಸಿಕೊಳ್ಳುತ್ತ ಎದ್ದ ಯಲ್ಲಪ್ಪ ದೊಡ್ಡದಾಗಿ ಉಸಿರೆಳೆದು, ಕೆನ್ನೆ ಉಬ್ಬಿಸಿ ಒಳಗೆ ನುಗ್ಗಿದ. ಎಷ್ಟು ಹೊತ್ತೋ ತಿಳಿಯದು. ಹೊರಬಂದಾಗ ಭೀಮಶಾ ಅವನ ಬೆನ್ನ ಮೇಲಿದ್ದ. ಚೀಲ ಹೊರುವ ಹಾಗೆಯೇ, ಸೊಂಟ ಬಾಗಿಸಿ, ಎರಡು ಮೂಲೆ ಹಿಡಿದಂತೆ ಎರಡು ತೋಳು ಹಿಡಿದು ತಂದಿದ್ದ. ಬೇರೆ ರೀತಿ ಹೊರುವುದು ಅವನಿಗೆ ಗೊತ್ತಿರಲಿಲ್ಲ. ಆ ಭಾರವನ್ನು ಬೇರೆ ಯಾರಿಗೂ ಹೊರಲು ಆಗುತ್ತಲೂ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ಸಾಹುಕಾರರು ಎಲ್ಲಿದ್ದರು? ಕಾರಿನೊಳಗೆ, ಗಾಜು ಏರಿಸಿಕೊಂಡು. ಭೀಮಶಾನನ್ನು ಕಾರಿನಲ್ಲಿ ಒಯ್ಯೋಣ ಎಂದಾಗ ಗಾಜನ್ನು ನಾಲ್ಕು ಬೆರಳು ಇಳಿಸಿದರು. ‘ಟೆಂಪೊದಾಗ ಒಯ್ರಿ, ಉದ್ದಕ್ಕ ಮಲಗಿಸಲಾಕ ಬರ್ತದ,’ ಎಂದರು. ಅವನ ಅಂಗಿಯೆಲ್ಲ ವಾಂತಿಯಾಗಿತ್ತು. ಸೀಟು ಬಿಳಿಯದಿತ್ತು.

ರಸ್ತೆಯಲ್ಲಿ ತಡೆದು ನಿಲ್ಲಿಸಿದ ಟೆಂಪೊದಲ್ಲಿ ಕಲಬುರಗಿಯವರೆಗೆ ಅವನ ತಲೆ ನಾಗಮ್ಮನ ತೊಡೆಯ ಮೇಲಿತ್ತು. ಅವನು ಎದೆ ಹಿಡಿದುಕೊಂಡು, ‘ಚೀಲ ಬಿದ್ದದ ನನ್ನ ಮ್ಯಾಲ, ತಗೀರಿ,’ ಎನ್ನುತ್ತಿದ್ದ. ಅಲ್ಲಿ ಯಾವ ಚೀಲವೂ ಇರಲಿಲ್ಲ. ಯಲ್ಲಪ್ಪನೂ ಇನ್ನೊಬ್ಬನೂ ಮೂಲೆಯಲ್ಲಿ ಮುದುಡಿ ಕುಳಿತು ನಡುಗುತ್ತಿದ್ದರು. ಅಷ್ಟರಲ್ಲಿ ಸಾಹುಕಾರರ ಫೋನು.

‘ಮೇಡಂ, ದವಾಖಾನಿದಾಗ ಬಿಸಿಲ ಬಡದದ ಅಂತ ಹೇಳ್ರಿ. ಗುಳಿಗಿ ಗಿಳಿಗಿ ಅನಬ್ಯಾಡ್ರಿ. ಖಾಲಿಪೀಲಿ ಪೊಲೀಸ್ ಲಫಡಾ ಆಗ್ತದ. ನಿಮಗೂ ಅದು ಚಲೋ ಅಲ್ಲ.’

ಟೆಂಪೊದ ಗದ್ದಲಕ್ಕೆ ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ನಾಗಮ್ಮ ಎಲ್ಲ ಕೇಳಿಸಿಕೊಂಡಳು. ತಮ್ಮನ ಮುಖದ ಬೆವರು ಒರೆಸುತ್ತಲೇ ಇದ್ದಳು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆ ವಾರ ಬಿಸಿಲು ಬಡಿದವರೇ ಸಾಲಾಗಿ ಮಲಗಿದ್ದರು. ಚಿಕ್ಕ ವಯಸ್ಸಿನ ವೈದ್ಯ ಭೀಮಶಾನನ್ನು ನೋಡಿ, ‘ಬಿಸಿಲೇನು?’ ಎನ್ನುತ್ತ ಮುಂದಿನ ಮಂಚಕ್ಕೆ ಹೊರಟಿದ್ದ. ಅವನ ತೋಳು ಹಿಡಿದು ನಿಲ್ಲಿಸಿದೆ. ಗೋದಾಮು, ಗುಳಿಗೆ, ಎಷ್ಟು ಹೊತ್ತು ಒಳಗಿದ್ದರು, ಎಲ್ಲ ಹೇಳಿದೆ. ಅವನ ಮುಖ ಬದಲಾಯಿತು. ಹಿರಿಯರನ್ನು ಕರೆದ. ಎದೆಗೆ ತಂತಿ ಹಚ್ಚಿದರು. ಯಲ್ಲಪ್ಪನನ್ನೂ ಇನ್ನೊಬ್ಬನನ್ನೂ ಮಲಗಿಸಿದರು. ಹಿರಿಯ ವೈದ್ಯೆ ನಾಗಮ್ಮನಿಗೆ ನೇರವಾಗಿಯೇ ಹೇಳಿದರು: ‘ಇದಕ್ಕ ಇಂಥದ ಔಷಧ ಅಂತ ಇಲ್ಲಮ್ಮ. ಹೃದಯ ತಡಕೊಂಡ್ರ ಉಳೀತಾನ. ಅದಕ್ಕ ಏನ್ ಬೇಕೋ ಅದು ಮಾಡ್ತೀವಿ. ಬಿಸಿಲಂತ ಬಿಟ್ಟಿದ್ರ ಸಂಜಿಗಿ ಹೋಗ್ತಿದ್ದ.’

ನಾಗಮ್ಮ ಗೋಡೆಗೆ ಒರಗಿ ಕುಳಿತಳು. ನಾನೂ ಕುಳಿತೆ. ಅವಳು ನನ್ನ ಕೈ ಎತ್ತಿ, ತಾನು ಕಚ್ಚಿದ ಜಾಗ ನೋಡಿ, ‘ಭಾಳ ಕಚ್ಚೀನೇನ್ರಿ?’ ಎಂದಳು. ಆಗ ನನಗೆ ಅಳು ಬಂತು.

ಭೀಮಶಾನ ಹೃದಯ ತಡೆದುಕೊಂಡಿತು. ಸಾಹುಕಾರರು ಆಸ್ಪತ್ರೆಗೆ ಬರಲಿಲ್ಲ; ಕೆಂಪು ಬಾಳೆಹಣ್ಣಿನ ಬುಟ್ಟಿ ಕಳಿಸಿದರು. ಆ ವಾರ್ಡಿನ ಎಲ್ಲ ರೋಗಿಗಳೂ ತಿಂದರು, ನಾಗಮ್ಮ ಮುಟ್ಟಲಿಲ್ಲ. ಪೊಲೀಸರು ಬಂದು ನನ್ನ ಹೇಳಿಕೆ ಬರೆದುಕೊಂಡರು. ಹಮಾಲರೇ ಡಬಲ್ ಕೂಲಿಯ ಆಸೆಗೆ ಬಾಗಿಲು ಮುರಿದರೆಂದು ಸಾಹುಕಾರರು ಅದಾಗಲೇ ಬರೆಸಿದ್ದರಂತೆ. ಕೇಸು ಇನ್ನೂ ನಡೆಯುತ್ತಿದೆ. ಮಿಲ್ಲಿನ ಕೆಲಸ ನಾನು ಬಿಟ್ಟೆ. ಅದನ್ನು ತ್ಯಾಗವೆಂದು ಯಾರಾದರೂ ಹೊಗಳಿದರೆ ಸಿಟ್ಟು ಬರುತ್ತದೆ. ಉಗುಳಿದ್ದನ್ನು ಯಾರೂ ತ್ಯಾಗ ಎನ್ನುವುದಿಲ್ಲ.

ಹೈದರಾಬಾದಿನ ಗಿರಾಕಿ ಕೈಬಿಟ್ಟ. ಮಾಲು ಗೋದಾಮಿನಲ್ಲೇ ಉಳಿಯಿತು. ಎಲ್ಲ ದೇಶಗಳ ತೊಗರಿಯೂ ಬಂದರಿಗೆ ಬಂದು ಬೀಳುತ್ತಿತ್ತು, ದರ ದಿನದಿನಕ್ಕೆ ಇಳಿಯುತ್ತಿತ್ತು. ಗುತ್ತಿಗೆದಾರನ ಕಡೆಯವನು ಬಂದು, ಬಾಗಿಲು ಕಿಟಕಿ ತೆರೆದಿಟ್ಟು, ಯಂತ್ರ ಹಿಡಿದು ನೋಡಿ, ಈಗ ಏನೂ ಇಲ್ಲ ಎಂದು ಬರೆದುಕೊಟ್ಟ. ಸಾಹುಕಾರರು ಲಾರಿ ತಂದರು. ಭೀಮಶಾನನ್ನು ಮನೆಗೆ ಬಿಟ್ಟಿದ್ದಾರೆಂದು ತಿಳಿದು ಅವನನ್ನು ನೋಡಲು ನಾನು ಕಮಲಾಪುರಕ್ಕೆ ಹೋದದ್ದೂ ಅದೇ ದಿನ. ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಗೋದಾಮಿನ ಮುಂದಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು.

ಹಮಾಲರು ಬೇವಿನ ಕೆಳಗೆ ಕುಳಿತಿದ್ದರು. ಬಾಗಿಲು ಹಾರುಹೊಡೆದಿತ್ತು. ಸಾಹುಕಾರರು ಬಿಸಿಲಲ್ಲಿ ನಿಂತು ಕಾಗದ ಬೀಸುತ್ತಿದ್ದರು.

‘ಬರದು ಕೊಟ್ಟಾನ ನೋಡ್ರೋ! ಏನೂ ಇಲ್ಲ ಒಳಗ!’

‘ಏನೂ ಇಲ್ಲಂದ್ರ ಚಲೋ ಆತು,’ ಎಂದ ಯಲ್ಲಪ್ಪ. ‘ಮೊದಲ ನೀವು ಹೋಗ್ರಿ. ಒಟ್ಟಿನ ಮ್ಯಾಲ ಕುಂತು ಒಂದ್ ಎಲಿ ಅಡಿಕಿ ತಿಂದು ಬರ್ರಿ. ಹಿಂದಿಂದ ನಾವು ಬರ್ತೀವಿ.’

‘ನಾ ಯಾಕ ಹೋಗಬೇಕೋ? ಊರಾಗ ಹಮಾಲರು ನೀವೊಬ್ಬರೇ ಏನು?’

ಅವರು ಫೋನು ಮಾಡಿ ಕಲಬುರಗಿಯ ರೋಜಾ ಬಡಾವಣೆಯಿಂದ ಬೇರೆ ಹಮಾಲರನ್ನು ಕರೆಸಿದರು. ಟೆಂಪೊ ಬರುವವರೆಗೆ ಯಾರೂ ಎದ್ದು ಹೋಗಲಿಲ್ಲ. ಬಂದವರಲ್ಲಿ ಹಿರಿಯನೊಬ್ಬ ಇಳಿದು, ಕುಳಿತವರ ಮುಖ ನೋಡಿ, ‘ಕ್ಯಾ ಹುವಾ ಭಾಯ್, ಯಾಕ ಕುಂತೀರಿ?’ ಎಂದ. ಯಲ್ಲಪ್ಪ ಹೇಳಿದ. ಆ ಹಿರಿಯ ತಲೆಯ ವಸ್ತ್ರ ಬಿಚ್ಚಿ, ಹಾಸಿ, ಅವರ ಪಕ್ಕದಲ್ಲೇ ಕುಳಿತ. ಉಳಿದವರೂ ಕುಳಿತರು.

‘ಪೈಲೆ ಆಪ್, ಸಾವ್ಕಾರ್, ಮೊದಲ ನೀವು,’ ಎಂದ ಅವನು, ಬಹಳ ಮರ್ಯಾದೆಯಿಂದ.

ಸಾಹುಕಾರರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಹೊಸ್ತಿಲವರೆಗೆ ಹೋದರು. ಒಂದು ಕಾಲು ಒಳಗಿಟ್ಟು, ಸುಟ್ಟುಕೊಂಡವರಂತೆ ಹಿಂದಕ್ಕೆ ತೆಗೆದರು. ತಿರುಗಿ, ಅಷ್ಟು ಜನರಲ್ಲಿ ನನ್ನನ್ನು ಹುಡುಕಿ, ‘ಮೇಡಂ, ನೀವು ಓದಿದವರಿದ್ದೀರಿ, ನೀವರ ಹೇಳ್ರಿ. ಈಗ ಏನೂ ಆಗಂಗಿಲ್ಲ, ಹೌದಲ್ಲ?’ ಎಂದರು.

ಕಾಗದದಲ್ಲಿ ಬರೆದದ್ದು ನಿಜವಿತ್ತು. ಒಳಗೆ ಏನೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಹಮಾಲರಿಗೂ ಗೊತ್ತಿತ್ತು. ‘ಕಾಗದ ನಿಮ್ಮ ಕೈಯಲ್ಲೇ ಇದೆಯಲ್ಲ,’ ಎಂದೆ.

ಗೋಡೆಯ ನೆರಳಿನಲ್ಲಿ ನಾಗಮ್ಮನ ಭುಜಕ್ಕೆ ಒರಗಿ ಭೀಮಶಾ ಕುಳಿತಿದ್ದ. ಅರ್ಧ ಆಗಿದ್ದ. ಎರಡು ಮಾತಿಗೊಮ್ಮೆ ಉಸಿರು ನಿಲ್ಲಿಸಿ ಎಳೆದುಕೊಳ್ಳುತ್ತಿದ್ದ. ಅವನು ಕೈ ಎತ್ತಿದ್ದು ನೋಡಿ ಎಲ್ಲರೂ ಅವನತ್ತ ತಿರುಗಿದರು.

‘ಹೋಗ್ರಿ ಸಾವ್ಕಾರ್ರ,’ ಎಂದ. ಉಸಿರು ಎಳೆದುಕೊಂಡ. ‘ಅಂಜಬ್ಯಾಡ್ರಿ. ನೀವು ಬಿದ್ರ... ಹೊತ್ತಗೊಂಡು ಬರಲಾಕ ನಾವದೀವಿ.’

ಯಾರೂ ನಗಲಿಲ್ಲ. ಸಾಹುಕಾರರು ಕಾಗದ ಮಡಚಿ ಜೇಬಿಗೆ ಹಾಕಿ ಕಾರಿನ ಕಡೆ ನಡೆದರು. ಲಾರಿ ಅವತ್ತು ಖಾಲಿ ಹೋಯಿತು.